ನೇಪಾಳದ ಹಳ್ಳಿಯಲ್ಲಿ ಸ್ವಯಂಸೇವೆ: ಅಲ್ಲಿನವರ ಸಂತೋಷದಲ್ಲಿ ನಿಜವಾಗಿ ಪಾಲುಗೊಳ್ಳುವುದು ಹೇಗೆ?

ಪ್ರಶ್ನೆ: ನಿವೃತ್ತ ಗಣಿತ ಶಿಕ್ಷಕಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿರುವ ನಾನು ಬರುವ ಮೇ ತಿಂಗಳಿನಿಂದ ದೀಪಾವಳಿಯವರೆಗೆ ನೇಪಾಳದ ಲಮ್ಜುಂಗ್ ಜಿಲ್ಲೆಯ ಒಂದು ಗುಡ್ಡಗಾಡು ಹಳ್ಳಿಯಲ್ಲಿ ಇರಲಿದ್ದೇನೆ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆಗೂಡಿ ಗಣಿತದ ಪಾಠಕ್ಕೆ ನೆರವಾಗುವುದು ನನ್ನ ಕೆಲಸ. 2015ರ ಸಂವಿಧಾನದ ನಂತರ ಅಲ್ಲಿ ಶಾಲೆಗಳ ಹೊಣೆ ಸ್ಥಳೀಯ ಸರ್ಕಾರಗಳಿಗೆ ಸೇರಿರುವುದರಿಂದ ಆ ಊರಿನ ಪಾಲಿಕೆಯ ಒಪ್ಪಿಗೆಯನ್ನೂ ಪಡೆದಾಗಿದೆ. ಭಾರತೀಯರಿಗೆ ವೀಸಾ ಬೇಕಿಲ್ಲ. ಊರಿನ ಒಂದು ಮನೆಯಲ್ಲಿ ವಾಸಕ್ಕೂ ಊಟಕ್ಕೂ ವ್ಯವಸ್ಥೆಯಾಗಿದೆ. ಆದ್ದರಿಂದ ನನ್ನ ಪ್ರಶ್ನೆ ಏರ್ಪಾಡುಗಳ ಕುರಿತಾದದ್ದಲ್ಲ.

ನಾನು ಸೇವೆಯಲ್ಲಿದ್ದಾಗ ನಮ್ಮ ಶಾಲೆಗೆ ಹೊರದೇಶದ ಯುವಕ ಯುವತಿಯರ ತಂಡವೊಂದು ಬಂದಿತ್ತು. ಅವರು ಗೋಡೆಗಳಿಗೆ ಬಣ್ಣ ಬಳಿದರು, ಮಕ್ಕಳೊಂದಿಗೆ ಕುಣಿದರು, ಹೊರಡುವಾಗ ಕಣ್ಣೀರು ಹಾಕಿದರು. ಅವರ ಒಳ್ಳೆಯತನದ ಬಗ್ಗೆ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಅವರು ಬರುವ ಮೊದಲು ನಾವು ಪಾಠ ನಿಲ್ಲಿಸಿ ಮಕ್ಕಳಿಗೆ ಸ್ವಾಗತ ನೃತ್ಯ ಕಲಿಸಿದ್ದೆವು, ಬಿಸಿಯೂಟದ ಅಡುಗೆಯವರು ನಸುಕಿನಲ್ಲೇ ಬಂದು ಒಬ್ಬಟ್ಟು ತಟ್ಟಿದ್ದರು, ಹುಡುಗರಿಗೆ ನಗುತ್ತಾ ನಿಲ್ಲಬೇಕೆಂದು ನಾವೇ ಹೇಳಿಕೊಟ್ಟಿದ್ದೆವು. ಅತಿಥಿಗಳು ಅನುಭವಿಸಿದ ಸಂತೋಷವನ್ನು ನಾವು ತಯಾರಿಸಿ ಅವರ ಕೈಗೆ ಕೊಟ್ಟಿದ್ದೆವು ಎಂದು ನನಗೆ ಅನ್ನಿಸಿತ್ತು. ಈಗ ನಾನೇ ಮತ್ತೊಂದು ದೇಶದ ಶಾಲೆಗೆ ಅತಿಥಿಯಾಗಿ ಹೋಗುವಾಗ ಅದೇ ಶ್ರಮವನ್ನು ಅಲ್ಲಿನವರ ಮೇಲೆ ಹೊರಿಸಲು ನನಗೆ ಇಷ್ಟವಿಲ್ಲ.

ಹಾಗೆಂದು ಗಂಭೀರವಾಗಿ ಪಾಠ ಮಾಡಿ ಬಾಗಿಲು ಹಾಕಿಕೊಂಡು ಕೂರುವುದೂ ಸರಿಯಲ್ಲ. ಅಲ್ಲಿನವರ ಜೊತೆ ನಕ್ಕು, ಉಂಡು, ಹಾಡಿ ಬದುಕಬೇಕೆಂಬ ಆಸೆ ನನಗಿದೆ. ಅವರಿಗೂ ನನಗೂ ಒಂದೇ ಆಗಿರುವ ಸಂತೋಷ ಎಲ್ಲಿ ಹುಟ್ಟುತ್ತದೆ? 2015ರ ಭೂಕಂಪವನ್ನೂ ದುಡಿಯಲು ಹೊರಟ ಮಕ್ಕಳ ವಲಸೆಯನ್ನೂ ಕಂಡ ಊರಿನಲ್ಲಿ ಹೊರಗಿನಿಂದ ಬಂದವಳು ಸಂತೋಷವನ್ನು ಅರಸುವುದು ಸಲ್ಲುವ ಮಾತೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ತುಂಗಾತೀರ

ನಮಸ್ಕಾರ ಮೇಡಂ. ನಾನು ಸಿವಿಲ್ ಇಂಜಿನಿಯರ್. ನೀವು ಹೋಗುವ ಲಮ್ಜುಂಗಿಗೆ ಹೊಂದಿಕೊಂಡಿರುವ ಗೋರ್ಖಾ ಜಿಲ್ಲೆಯಲ್ಲಿ ಭೂಕಂಪದ ನಂತರದ ಮನೆಗಳ ಪುನರ್ನಿರ್ಮಾಣಕ್ಕೆ ಸ್ವಯಂಸೇವಕನಾಗಿ ಕೆಲಸ ಮಾಡಿದವನು. 2015ರ ಏಪ್ರಿಲ್ 25ರಂದು ಸಂಭವಿಸಿದ 7.8 ತೀವ್ರತೆಯ ಆ ಭೂಕಂಪದ ಕೇಂದ್ರ ಗೋರ್ಖಾದ ಬಾರ್ಪಾಕ್ ಊರಿನ ಬಳಿಯೇ ಇತ್ತು. ಸುಮಾರು ಒಂಬತ್ತು ಸಾವಿರ ಜನ ತೀರಿಕೊಂಡರು. ಅಂದು ಶನಿವಾರ, ನೇಪಾಳದಲ್ಲಿ ವಾರದ ರಜೆಯ ದಿನ. ಸಾವಿರಾರು ಶಾಲಾ ಕೊಠಡಿಗಳು ಕುಸಿದಾಗ ಅವುಗಳೊಳಗೆ ಮಕ್ಕಳಿರಲಿಲ್ಲ ಎಂಬುದನ್ನು ಅಲ್ಲಿನ ತಾಯಂದಿರು ಇಂದಿಗೂ ಕೈಮುಗಿದು ಹೇಳುತ್ತಾರೆ.

ಮನೆ ಕಳೆದುಕೊಂಡ ಪ್ರತಿ ಕುಟುಂಬಕ್ಕೆ ಅಲ್ಲಿನ ಸರ್ಕಾರ ಮೂರು ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಟ್ಟಿತು. ಕಟ್ಟಡ ನಿಯಮದಂತೆ ಎದ್ದಿದೆಯೆಂದು ಪರಿಶೀಲಿಸಿದ ಮೇಲೆಯೇ ಮುಂದಿನ ಕಂತು ಬರುತ್ತಿತ್ತು. ಕಲ್ಲು ಮತ್ತು ಮಣ್ಣಿನ ಗೋಡೆಗಳಲ್ಲಿ ಕಿಟಕಿಯ ಕೆಳಗೂ ಮೇಲೂ ಸುತ್ತಲೂ ಅಡ್ಡಪಟ್ಟಿ ಕೊಡುವುದು, ಮೂಲೆಗಳಲ್ಲಿ ಉದ್ದನೆಯ ಕಲ್ಲುಗಳನ್ನು ಹೊಂದಿಸುವುದು ಮುಂತಾದ ವಿಧಾನಗಳನ್ನು ಗಾರೆಯವರಿಗೆ ತೋರಿಸಿಕೊಡುವುದು ನಮ್ಮ ಕೆಲಸವಾಗಿತ್ತು. ಆದರೆ ಹಣದಿಂದಷ್ಟೇ ಮನೆ ಏಳುವುದಿಲ್ಲ. ಊರಿನ ಯುವಕರಲ್ಲಿ ಬಹುಪಾಲು ಮಂದಿ ಕೊಲ್ಲಿ ದೇಶಗಳಿಗೂ ಮಲೇಷ್ಯಾಕ್ಕೂ ದುಡಿಯಲು ಹೋಗಿದ್ದರು. ಉಳಿದಿದ್ದ ಹೆಂಗಸರೂ ವಯಸ್ಸಾದವರೂ ಸೇರಿ, ತಮ್ಮಲ್ಲಿ ಹಿಂದಿನಿಂದ ಬಂದಿರುವ ‘ಪರ್ಮ’ ಪದ್ಧತಿಯಲ್ಲಿ ಕಲ್ಲು ಹೊತ್ತರು. ಇಂದು ನಿಮ್ಮ ಮನೆಯ ಕೆಲಸಕ್ಕೆ ನಾನು ಬಂದರೆ ನಾಳೆ ನನ್ನ ಮನೆಯ ಕೆಲಸಕ್ಕೆ ನೀವು ಬರಬೇಕು, ನಡುವೆ ಹಣದ ಮಾತಿಲ್ಲ. ನಮ್ಮ ಮಲೆನಾಡಿನ ಮುಯ್ಯಾಳು ಕೂಡ ಇದೇ ಅಲ್ಲವೇ?

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಅಲ್ಲಿಯೇ ಸಿಕ್ಕಿತು. ಮನೆ ಹಸ್ತಾಂತರದ ಸಮಾರಂಭಗಳಲ್ಲಿ ಹಾರ, ಶಾಲು, ಭಾಷಣ ಎಲ್ಲವೂ ಇರುತ್ತಿದ್ದವು, ಆದರೆ ಮನೆಯೊಡತಿ ಮುಖ ಬಿಗಿಹಿಡಿದು ನಿಂತಿರುತ್ತಿದ್ದಳು. ಅದೇ ಹೆಂಗಸು ಬೆನ್ನಿಗೆ ಡೋಕೊ ಬುಟ್ಟಿ ಹಾಕಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಕಲ್ಲು ಹೊರುವ ದಿನಗಳಲ್ಲಿ ಹಾದಿಯುದ್ದಕ್ಕೂ ನಗಿಸುತ್ತಿದ್ದಳು. ದಾರಿಯಲ್ಲಿ ಅರಳಿ ಮತ್ತು ಆಲದ ಮರಗಳ ಸುತ್ತ ಕಟ್ಟಿರುವ ಚೌತಾರಿ ಎಂಬ ಕಲ್ಲುಕಟ್ಟೆಗಳಿವೆ. ಹೊರೆ ಇಳಿಸಿ ಕುಳಿತಾಗ ಹುರಿದ ಜೋಳ ಕೈಯಿಂದ ಕೈಗೆ ದಾಟುತ್ತಿತ್ತು. ಆ ಸಾಲಿನಲ್ಲಿ ನನ್ನ ಕೈಯೂ ಒಂದು. ಸಮಾರಂಭದಲ್ಲಿ ನಾನು ಕೊಡುವವನಾಗಿದ್ದೆ, ಕಟ್ಟೆಯ ಮೇಲೆ ಹಾಗಿರಲಿಲ್ಲ. ಕೊಡುವವರು ಮತ್ತು ಪಡೆಯುವವರು ಎಂದು ಊರು ಎರಡಾಗಿರುವವರೆಗೆ ಸಂತೋಷವೂ ಎರಡಾಗಿಯೇ ಇರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ, ಮೇಡಂ, ನೀವು ಅಲ್ಲಿ ಏನನ್ನು ಕೊಡುತ್ತೀರಿ ಎಂಬುದರಷ್ಟೇ ಗಮನವನ್ನು ಏನನ್ನು ಪಡೆಯುತ್ತೀರಿ ಎಂಬುದಕ್ಕೂ ಕೊಡಿ. ವಾಸ ಮತ್ತು ಊಟದ ಹಣವನ್ನು ಮಾತಾದಂತೆ ತಿಂಗಳಿಗೊಮ್ಮೆ ತಪ್ಪದೆ ಕೊಡಿ, ಅದರಲ್ಲಿ ಸಂಕೋಚ ಬೇಡ. ಆದರೆ ನೆರೆಮನೆಯಾಕೆ ಕೊಟ್ಟ ಒಂದು ಲೋಟ ಮಜ್ಜಿಗೆಗೆ ಬೆಲೆ ಕೊಡಲು ಹೋಗಬೇಡಿ. ಮರುದಿನ ಅವರ ಜಗಲಿಯಲ್ಲಿ ಕುಳಿತು ಜೋಳ ಸುಲಿಯಿರಿ, ಸೊಪ್ಪು ಬಿಡಿಸಿ. ನಿಮ್ಮಿಂದ ಕೆಲಸ ತೆಗೆದುಕೊಳ್ಳುವ ಸಲುಗೆ ಅವರಿಗೆ ಬಂದ ದಿನದಿಂದ ನೀವು ಅತಿಥಿಯಾಗಿ ಉಳಿಯುವುದಿಲ್ಲ.

ಊಟದ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ. ಆ ಬೆಟ್ಟಗಳಲ್ಲಿ ‘ಕೋದೊ’ ಎಂದು ಬೆಳೆಯುವುದು ನಮ್ಮ ರಾಗಿಯನ್ನೇ. ಜೋಳ ಎಂದರೆ ಅಲ್ಲಿ ಮೆಕ್ಕೆಜೋಳ, ಅದರ ಸಾಲುಗಳ ನಡುವೆ ಮಳೆಗಾಲದಲ್ಲಿ ರಾಗಿ ಪೈರನ್ನು ನಾಟಿ ಮಾಡುತ್ತಾರೆ. ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಮಾಡುವ ‘ಢಿಂಡೊ’ ನಮ್ಮ ಮುದ್ದೆಗಿಂತ ಸ್ವಲ್ಪ ಸಡಿಲ. ಒಣಗಿಸಿ ಹುಳಿ ಬರಿಸಿದ ಸೊಪ್ಪಿನ ‘ಗುಂದ್ರುಕ್’ ಸಾರಿನ ಜೊತೆ ಅದನ್ನು ಉಣ್ಣುತ್ತಾರೆ. ಢಿಂಡೊ ಬಡವರ ಊಟವೆಂದು ತಿಳಿದು ಹೊರಗಿನವರ ಮುಂದೆ ಅನ್ನವನ್ನೇ ಇಡುವ ಮನೆಗಳು ಹಲವು. ನಮ್ಮ ಕಡೆ ಮುದ್ದೆಯೇ ದೊಡ್ಡ ಊಟವೆಂದು ನಾನು ಹೇಳಿ, ಒಂದು ಸಂಜೆ ಒಲೆಯ ಮುಂದೆ ಕುಳಿತು ಕೋಲಿನಿಂದ ಗಟ್ಟಿಯಾಗಿ ತಿರುವಿ ಉಂಡೆ ಕಟ್ಟಿ ತೋರಿಸಿದಾಗ ಆ ಮನೆಯಲ್ಲಿ ಎದ್ದ ಮಾತು, ನಗು, ವಾದಗಳನ್ನು ಇಂದಿಗೂ ನೆನೆಯುತ್ತೇನೆ. ಯಾವುದು ಸರಿಯಾದ ಹದ ಎಂಬ ವಾದ ಅಂದು ತೀರ್ಮಾನವಾಗಲಿಲ್ಲ.

ಎರಡನೆಯ ಪ್ರಶ್ನೆ ಕಷ್ಟದ್ದು. ಭೂಕಂಪವಾದ ವರ್ಷ ನಾನಿದ್ದ ಊರಿನಲ್ಲಿ ತಗಡಿನ ಮಾಡಿನಡಿ ಬದುಕುತ್ತಿದ್ದ ಜನ ಮಳೆ ಬಂದೊಡನೆ ಗದ್ದೆಗೆ ಇಳಿದರು, ನಾಟಿ ಮಾಡುತ್ತಾ ಹಾಡಿದರು. ನಮಗೆ ಸಂತೋಷಪಡುವ ಹಕ್ಕಿದೆಯೇ ಎಂದು ಅವರು ನಮ್ಮನ್ನು ಕೇಳಲಿಲ್ಲ. ಅವರು ಹಾಡುವಾಗ ನಾವು ಮಾತ್ರ ಮರುಕದ ಮುಖ ಹೊತ್ತು ಬದುವಿನ ಮೇಲೆ ನಿಂತರೆ ಅದು ಅವರಿಗೆ ತೋರುವ ಗೌರವವಲ್ಲ. ಆದರೆ ಒಂದು ಸಂಗತಿಯನ್ನು ನೆನಪಿಡಿ. ಹಿಂದೂ ಕುಟುಂಬಗಳಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವರು ಒಂದು ವರ್ಷ ಬಿಳಿ ಉಡುತ್ತಾರೆ, ಆ ವರ್ಷ ಹಬ್ಬದ ತಿಲಕ ಇಟ್ಟುಕೊಳ್ಳುವುದಿಲ್ಲ. ಊರೆಲ್ಲ ಹಾಡುವ ದಿನವೂ ಒಂದೆರಡು ಮನೆಗಳಲ್ಲಿ ಮೌನವಿರುತ್ತದೆ. ಆ ಮನೆಗಳು ಯಾವುವೆಂದು ಮೊದಲೇ ತಿಳಿದುಕೊಂಡು, ಅಂದು ಅಲ್ಲಿಯೂ ಸ್ವಲ್ಪ ಹೊತ್ತು ಕುಳಿತು ಬನ್ನಿ.

ಉತ್ತರ: ಬಯಲುಸೀಮೆಯ ದಾದಿ

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ಅದರಲ್ಲಿ ಹೇಳಿರುವುದರ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ‘ಊರು’ ಎಂಬುದನ್ನು ಒಂದೇ ಎಂದು ತಿಳಿದು ಬರೆದಂತಿದೆ. ನಾನು ಪೋಖರಾದ ಸುತ್ತಲಿನ ಬೆಟ್ಟದ ಹಳ್ಳಿಗಳಲ್ಲಿ ಆರೋಗ್ಯ ಶಿಬಿರಗಳಿಗಾಗಿ ದುಡಿದಿದ್ದೇನೆ. ಪರ್ಮ ಪದ್ಧತಿಯಲ್ಲಿ ಆಳಿಗೆ ಆಳು ತೀರುವುದು ಇಬ್ಬರಿಗೂ ಹೊಲಗದ್ದೆ ಇದ್ದಾಗ ಮಾತ್ರ. ಗದ್ದೆಯಿಲ್ಲದವರ ಮನೆಗೆ ಯಾರು ಏಕೆ ನಾಟಿಗೆ ಹೋಗುತ್ತಾರೆ? ಅವರು ಕೂಲಿಗೆ ಬರುತ್ತಾರೆ, ಕೂಲಿ ಪಡೆದು ಹೋಗುತ್ತಾರೆ. ಅದೇ ಗದ್ದೆ, ಅದೇ ಹಾಡು, ಆದರೆ ಸಂಜೆಯ ಪಂಕ್ತಿಯಲ್ಲಿ ಅವರ ಜಾಗ ಬೇರೆಯಾಗಿರಬಹುದು.

ಇದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ನೇಪಾಳದಲ್ಲಿ ಮದುವೆಗೂ ಹಬ್ಬಕ್ಕೂ ಮಂಗಳವಾದ್ಯವಾಗಿ ‘ಪಂಚೆ ಬಾಜಾ’ ನುಡಿಸುವವರು ದಮಾಯಿ ಸಮುದಾಯದವರು. ಅವರ ಸಹನಾಯಿಯೂ ನಗಾರಿಯೂ ಇಲ್ಲದೆ ಊರಿನ ಸಂತೋಷ ಆರಂಭವಾಗುವುದೇ ಇಲ್ಲ. ಆದರೆ ಅವರನ್ನು ಅಡುಗೆಮನೆಯ ಹೊಸ್ತಿಲಿನಿಂದ ಆಚೆಗೇ ಇರಿಸುವ ಮನೆಗಳು ಇನ್ನೂ ಉಳಿದಿವೆ. ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧವೆಂದು ಸಾರುವ ಪ್ರತ್ಯೇಕ ಕಾಯಿದೆ 2011ರಲ್ಲಿಯೇ ಬಂದಿದೆ. ಕಾಯಿದೆ ಬಂದ ಮಾತ್ರಕ್ಕೆ ಒಲೆಯ ಸುತ್ತಲಿನ ಗೆರೆ ಅಳಿಯುವುದಿಲ್ಲವೆಂಬುದು ನಮಗೂ ಗೊತ್ತು. ನೀವು ಯಾರ ಮನೆಯಲ್ಲಿ ಉಣ್ಣುತ್ತೀರಿ, ಯಾರ ಮನೆಯಲ್ಲಿ ನೀರು ಕುಡಿಯುತ್ತೀರಿ ಎಂಬುದನ್ನು ಮೊದಲ ವಾರದಿಂದಲೇ ಊರು ಗಮನಿಸುತ್ತದೆ. ಶಿಕ್ಷಕಿಯಾದವರು ಪ್ರತಿಯೊಬ್ಬ ವಿದ್ಯಾರ್ಥಿಯ ಮನೆಗೂ ಭೇಟಿ ನೀಡುವುದು ಸಹಜವಾದ್ದರಿಂದ ನಿಮಗೆ ದಾರಿ ಸುಲಭ. ಎಲ್ಲ ಕೇರಿಗಳಿಗೂ ಹೋಗಿ, ಕೊಟ್ಟದ್ದನ್ನು ಎಲ್ಲ ಕಡೆಯೂ ತಿನ್ನಿ, ಅದನ್ನೊಂದು ಸಾಹಸವೆಂಬಂತೆ ಯಾರೊಂದಿಗೂ ಹೇಳಿಕೊಳ್ಳಬೇಡಿ. ನಿಮಗೆ ಮನೆ ಕೊಟ್ಟವರಿಗೆ ಇದರಿಂದ ಕಸಿವಿಸಿಯಾಗಬಹುದು, ಆದ್ದರಿಂದ ಮುಖ್ಯಶಿಕ್ಷಕರೊಂದಿಗೆ ಮೊದಲೇ ಮಾತನಾಡಿ. ಕೆಲವು ಮನೆಗಳಲ್ಲಿ ನಿಮ್ಮನ್ನೂ ಒಲೆಯ ಹತ್ತಿರ ಬಿಡದಿರಬಹುದು, ಎಂಜಲಿನ ವಿಷಯದಲ್ಲಿಯೂ ಬಹಳ ಎಚ್ಚರವಿದೆ. ಅದಕ್ಕೆ ನೊಂದುಕೊಳ್ಳಬೇಡಿ, ಆದರೆ ಅದನ್ನು ಒಪ್ಪಿ ಅದರಂತೆ ಬೇರೆಯವರನ್ನು ದೂರವಿಡಲೂ ಬೇಡಿ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ನೀವು ಅನುಭವಸ್ಥ ಶಿಕ್ಷಕಿ, ನಿಮಗಿಂತ ಹೆಚ್ಚಾಗಿ ಇದನ್ನು ಓದಿ ಹೊರಡಲು ಬಯಸುವ ಎಳೆಯರಿಗಾಗಿ ಬರೆಯುತ್ತಿದ್ದೇನೆ. ವಿದೇಶದಲ್ಲಿ ಸೇವೆಯೆಂದರೆ ಅನಾಥಾಲಯದ ಮಕ್ಕಳೊಂದಿಗೆ ಕೆಲವು ದಿನ ಆಡಿ ಬರುವುದೆಂದು ತಿಳಿದವರು ಬಹಳ. ನೇಪಾಳದಲ್ಲಿ ಇಂತಹ ಮಕ್ಕಳ ಮನೆಗಳು ಹೆಚ್ಚಾಗಿರುವುದು ಪ್ರವಾಸಿಗರು ಸೇರುವ ಕಠ್ಮಂಡು ಕಣಿವೆ, ಪೋಖರಾ, ಚಿತ್ವನಗಳ ಸುತ್ತಮುತ್ತ. ಅಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ನಂಬಿಸಿ, ದೂರದ ಹಳ್ಳಿಗಳಿಂದ ಅವರನ್ನು ಕರೆತಂದು, ಕಾಗದದ ಮೇಲೆ ಅನಾಥರನ್ನಾಗಿ ಮಾಡಿದ ಪ್ರಕರಣಗಳು ಅನೇಕ. ಬಂದು ಹೋಗುವ ಸ್ವಯಂಸೇವಕರ ಹಣವೇ ಆ ವ್ಯವಹಾರವನ್ನು ನಡೆಸುತ್ತದೆ. ಅಪರಿಚಿತರ ಕುತ್ತಿಗೆಗೆ ಓಡಿಬಂದು ಜೋತುಬೀಳುವ ಮಗುವನ್ನು ಕಂಡು ಎಷ್ಟು ಪ್ರೀತಿ ಎಂದು ಹಿಗ್ಗುವವರಿದ್ದಾರೆ. ಮೇಲಿಂದ ಮೇಲೆ ಆರೈಕೆಯವರು ಬದಲಾಗುತ್ತಾ ಹೋದ ಮಗು ಹಾಗೆ ಮಾಡುತ್ತದೆ, ಅದು ಗಾಯದ ಗುರುತು. ಅಂತಹ ಕಡೆ ದೊರೆಯುವ ಸಂತೋಷ ಬಂದವರದು ಮಾತ್ರ. ಶನಿವಾರಗಳಂದು ಅಂಥ ಮನೆಗಳಿಗೆ ಭೇಟಿ ಕೊಡಲು ಯಾರಾದರೂ ಕರೆದರೆ ಹೋಗಬೇಡಿ.

ಛಾಯಾಚಿತ್ರಗಳನ್ನು ತೆಗೆಯುವುದಾದರೆ ಮೊದಲ ತಿಂಗಳು ಕಳೆಯಲಿ. ತೆಗೆದದ್ದನ್ನು ಮುದ್ರಿಸಿ ಆಯಾ ಮನೆಗೆ ಕೊಡಿ. ಮಗನನ್ನು ಕತಾರಿಗೆ ಕಳುಹಿಸಿದ ತಾಯಿಗೆ ಸೊಸೆ ಮೊಮ್ಮಕ್ಕಳ ಜೊತೆ ತಾನು ನಿಂತ ಒಂದು ಒಳ್ಳೆಯ ಚಿತ್ರದ ಬೆಲೆ ಏನೆಂದು ನಾನು ಕಂಡಿದ್ದೇನೆ.

ಉತ್ತರ: ಕಿಗಾಲಿಯಲ್ಲಿರುವ ಕನ್ನಡಿಗ

ನೇಪಾಳವನ್ನು ನಾನು ಕಂಡಿಲ್ಲ. ಉದ್ಯೋಗಕ್ಕಾಗಿ ಕುಟುಂಬದೊಂದಿಗೆ ರುವಾಂಡಾದಲ್ಲಿದ್ದೇನೆ. ಆದರೂ ಕೊಡುವವರು ಮತ್ತು ಪಡೆಯುವವರು ಎಂಬ ವಿಭಾಗವೇ ಇಲ್ಲದ ಕೆಲಸವೊಂದು ಇಲ್ಲಿ ಇರುವುದರಿಂದ ನಾಲ್ಕು ಸಾಲು ಸೇರಿಸುತ್ತೇನೆ.

ಇಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ 8ರಿಂದ 11ರವರೆಗೆ ‘ಉಮುಗಾಂಡ’ ಎಂಬ ಸಮುದಾಯ ಶ್ರಮದಾನ ನಡೆಯುತ್ತದೆ. 18ರಿಂದ 65 ವರ್ಷದೊಳಗಿನ, ದುಡಿಯಲು ಶಕ್ತರಾದ ನಾಗರಿಕರೆಲ್ಲರೂ ಬರಬೇಕು. ಅಂಗಡಿಗಳು ಮುಚ್ಚಿರುತ್ತವೆ, ರಸ್ತೆಯಲ್ಲಿ ವಾಹನಗಳು ವಿರಳ. ಚರಂಡಿ ತೋಡುವುದು, ಗುಡ್ಡದ ಮಣ್ಣು ಜಾರದಂತೆ ಗಿಡ ನೆಡುವುದು, ಬಡವರಿಗೆ ಮನೆ ಕಟ್ಟುವುದು, ಹೀಗೆ ಆಯಾ ಬಡಾವಣೆಗೆ ಬೇಕಾದ ಕೆಲಸ. ಮುಗಿದ ಮೇಲೆ ಅಲ್ಲಿಯೇ ಸಭೆ ಸೇರಿ ಊರಿನ ವಿಷಯಗಳನ್ನು ಮಾತನಾಡುತ್ತಾರೆ. ಇದು ಪೂರ್ತಿ ಸ್ವಇಚ್ಛೆಯದಲ್ಲ, ಬಾರದವರಿಗೆ ದಂಡ ವಿಧಿಸಬಹುದು, ಮತ್ತು 1994ರ ನರಮೇಧಕ್ಕೆ ಮುಂಚಿನ ಸರ್ಕಾರಗಳು ಈ ಪದ್ಧತಿಯನ್ನು ಕೆಟ್ಟದ್ದಕ್ಕೂ ಬಳಸಿಕೊಂಡಿದ್ದವು ಎಂಬುದನ್ನು ಮರೆಯುವಂತಿಲ್ಲ. ಇಷ್ಟಾದರೂ ಇಲ್ಲಿ ನೆಲೆಸಿರುವ ವಿದೇಶೀಯನಾಗಿ ಗುದ್ದಲಿ ಹಿಡಿದು ನಿಂತಾಗ ನನಗಾದ ಸಂತೋಷ ಬೇರೆ ಯಾವ ಸೇವಾ ಕಾರ್ಯಕ್ರಮದಲ್ಲಿಯೂ ಆಗಿಲ್ಲ. ನಾನು ತೋಡುವ ಚರಂಡಿಯ ನೀರು ನನ್ನ ಮನೆಯ ಮುಂದಿನಿಂದಲೇ ಹರಿಯುವುದು. ಯಾರೂ ನನಗೆ ಕೃತಜ್ಞತೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಪಕ್ಕದ ಮನೆಯ ಹಿರಿಯರು ನನ್ನ ಗುದ್ದಲಿಯ ಹಿಡಿತವನ್ನು ಸರಿಪಡಿಸಿ ಮುಂದೆ ಹೋದರು.

ಮೇಡಂ, ನೀವು ಹೋಗುವ ಊರಿನಲ್ಲಿಯೂ ನೀರಿನ ಕೊಳಾಯಿ, ಕಾಲುದಾರಿ, ಸಮುದಾಯದ ಅರಣ್ಯ ಎಂದು ಎಲ್ಲರೂ ಸೇರಿ ಮಾಡುವ ಕೆಲಸ ಇದ್ದೇ ಇರುತ್ತದೆ. ನಿಮಗಾಗಿ ಏರ್ಪಡಿಸಿದ್ದನ್ನು ಬಿಟ್ಟು, ನೀವು ಬಾರದಿದ್ದರೂ ನಡೆಯುತ್ತಿದ್ದ ಕೆಲಸ ಯಾವುದೆಂದು ವಿಚಾರಿಸಿ ಅದಕ್ಕೆ ಹೋಗಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ದಾದಿಯವರ ಮಾತು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ಎಲ್ಲ ಮಕ್ಕಳ ಮನೆಗೂ ಹೋಗುವುದನ್ನು ಮೊದಲ ತಿಂಗಳಲ್ಲೇ ಮಾಡುವೆನೆಂದು ಮುಖ್ಯಶಿಕ್ಷಕರಿಗೆ ಇಂದೇ ತಿಳಿಸಿದ್ದೇನೆ. ಅವರು ಒಪ್ಪಿದ್ದಾರೆ.

ಮುಖ್ಯಶಿಕ್ಷಕರ ಉತ್ತರದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಜೂನ್ ಕೊನೆಯ ಹೊತ್ತಿಗೆ ನಾಟಿಗಾಗಿ ಶಾಲೆಗೆ ಕೆಲವು ದಿನ ರಜೆ ಇರುತ್ತದೆ, ಅಕ್ಟೋಬರ್ ಸುಮಾರಿಗೆ ದಶೈಂ ಹಬ್ಬಕ್ಕೆ ದೀರ್ಘ ರಜೆ ಇರುತ್ತದೆ, ಆಗ ನಿಮಗೆ ಬೇಸರವಾದೀತು, ಬೇಕಿದ್ದರೆ ಶಿವಮೊಗ್ಗಕ್ಕೆ ಹೋಗಿ ಬನ್ನಿ ಎಂದಿದ್ದಾರೆ. ಪಾಠವಿಲ್ಲದ ದಿನಗಳಲ್ಲಿ ಆ ಮನೆಯವರಿಗೆ ಹೊರೆಯಾಗಿ ಉಳಿಯುವುದು ಸರಿಯೇ, ಅಥವಾ ಹೊರಟುಬರುವುದೇ ಮೇಲೇ?

ಉತ್ತರ: ಬಾಗಮತಿ ದಂಡೆ

ನಮಸ್ಕಾರ ಮೇಡಂ. ನಾನು ಉಡುಪಿಯ ಕಡೆಯವಳು, ಮದುವೆಯಾದ ಮೇಲೆ ಕಠ್ಮಂಡುವಿನಲ್ಲಿ ನೆಲೆಸಿದ್ದೇನೆ. ಪಶುಪತಿನಾಥ ದೇವಾಲಯದ ಮುಖ್ಯ ಅರ್ಚಕರಾದ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು, ಅವರಲ್ಲಿ ಕರ್ನಾಟಕದ ಕರಾವಳಿಯವರೂ ಇದ್ದಾರೆ. ಆದ್ದರಿಂದ ಇಲ್ಲಿ ಕರ್ನಾಟಕವೆಂದರೆ ಹೆಸರು ಕೇಳಿದವರು ಸಿಗುತ್ತಾರೆ, ಬೆಟ್ಟದ ಹಳ್ಳಿಯಲ್ಲಿಯೂ ನಿಮಗೆ ಈ ಪರಿಚಯ ಒದಗಬಹುದು.

ದಯವಿಟ್ಟು ಆ ರಜೆಗಳಲ್ಲಿ ಶಿವಮೊಗ್ಗಕ್ಕೆ ಹೋಗಬೇಡಿ. ನೀವು ಕೇಳಿದ ಸಂತೋಷ ಇರುವುದೇ ಆ ದಿನಗಳಲ್ಲಿ. ಅಸಾರ್ ತಿಂಗಳ 15ನೆಯ ದಿನ, ಅಂದರೆ ಜೂನ್ 29ರ ಆಸುಪಾಸು, ನೇಪಾಳದಲ್ಲಿ ಭತ್ತದ ನಾಟಿಯ ಹಬ್ಬ. ಗದ್ದೆ ಉಳುವವರೊಂದು ಕಡೆ, ಬದು ಕಡಿದು ಸರಿಪಡಿಸುವ ಗಂಡಸರೊಂದು ಕಡೆ, ಸಾಲಾಗಿ ಬಗ್ಗಿ ಪೈರು ನೆಡುವ ಹೆಂಗಸರು ಮತ್ತೊಂದು ಕಡೆ. ಬಿದಿರಿನ ಹೆಣಿಗೆಗೆ ಎಲೆ ಹೊದಿಸಿ ಬೆನ್ನಿನ ಮೇಲೆ ಹೊರುವ ‘ಘುಮ್’ ಎಂಬ ಮಳೆಗೊಡೆಯನ್ನು ಕಂಡಾಗ ನೀವು ನಿಮ್ಮ ಗೊರಬನ್ನು ನೆನೆಯದೆ ಇರಲಾರಿರಿ. ನಾಟಿಯ ಹಾಡುಗಳು ಒಂದು ಗದ್ದೆಯಿಂದ ಇನ್ನೊಂದಕ್ಕೆ ಸವಾಲು ಜವಾಬಿನಂತೆ ಸಾಗುತ್ತವೆ. ನಡುನಡುವೆ ಕೆಸರೆರಚಾಟವೂ ಇದೆ, ಅದರಿಂದ ಹಿರಿಯರಿಗೂ ವಿನಾಯಿತಿಯಿಲ್ಲ. ಅಂದಿನ ಊಟ ‘ದಹಿ ಚಿಉರಾ’, ಅಂದರೆ ಮೊಸರವಲಕ್ಕಿ. ಮಾವಿನಹಣ್ಣು, ಬಾಳೆಹಣ್ಣು ಜೊತೆಗಿರುತ್ತವೆ. ನೀವು ಹೊರೆಯಾಗುವ ಮಾತೇ ಇಲ್ಲ. ಯುವಕರು ವಿದೇಶಕ್ಕೆ ಹೋಗಿರುವ ಊರಿನಲ್ಲಿ ನಾಟಿಯ ದಿನ ಪ್ರತಿಯೊಂದು ಕೈಯೂ ಬೇಕು. ಇಡೀ ದಿನ ಬಗ್ಗಲು ಆಗದಿದ್ದರೆ ಪೈರಿನ ಕಟ್ಟುಗಳನ್ನು ಬದುವಿಗೆ ಸಾಗಿಸಿ, ಬುತ್ತಿ ಹೊತ್ತು ಹೋಗಿ, ಎಳೆಮಕ್ಕಳನ್ನು ನೋಡಿಕೊಳ್ಳಿ. ದಾದಿಯವರು ಎತ್ತಿದ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಗದ್ದೆಯಿಲ್ಲದವರು ಕೂಲಿಗೆ ಬಂದಿರುವ ಸಾಲಿನಲ್ಲಿಯೂ ನಿಂತು ಪೈರು ನೆಡಿ, ಅವರೊಡನೆ ಕುಳಿತೇ ಉಣ್ಣಿ.

ದಶೈಂ ವೇಳೆಗೆ ನಿಮ್ಮ ಸ್ಥಾನವೇ ಬದಲಾಗಿರುತ್ತದೆ. ನಮ್ಮ ನವರಾತ್ರಿಯ ಕಾಲದಲ್ಲಿಯೇ ಬಂದು ಹುಣ್ಣಿಮೆಯವರೆಗೆ ನಡೆಯುವ ಈ ಹಬ್ಬದಲ್ಲಿ ವಿಜಯದಶಮಿಯಿಂದ ಮೊದಲ್ಗೊಂಡು ಹಿರಿಯರು ಕಿರಿಯರ ಹಣೆಗೆ ಅಕ್ಕಿ, ಮೊಸರು ಮತ್ತು ಕುಂಕುಮ ಕಲಸಿದ ತಿಲಕವಿಟ್ಟು, ಮೊಳಕೆ ಬರಿಸಿದ ಜವೆಗೋಧಿಯ ಹಳದಿ ಸಸಿಗಳನ್ನು ಮುಡಿಸಿ ಆಶೀರ್ವದಿಸುತ್ತಾರೆ. ಜೊತೆಗೆ ದಕ್ಷಿಣೆಯನ್ನೂ ಕೊಡುತ್ತಾರೆ. ನೀವು ವಯಸ್ಸಿನಲ್ಲಿ ಹಿರಿಯರು, ಮೇಲಾಗಿ ಗುರುಗಳು. ಅಲ್ಲಿಯವರೆಗೆ ಊರಿನವರ ಜೊತೆ ನೀವು ಬೆರೆತಿದ್ದರೆ ನಿಮ್ಮ ವಿದ್ಯಾರ್ಥಿಗಳೂ ಅವರ ಅಪ್ಪ ಅಮ್ಮಂದಿರೂ ನಿಮ್ಮಿಂದ ತಿಲಕ ಪಡೆಯಲು ಬರುತ್ತಾರೆ. ಹೊಸ ಸಣ್ಣ ನೋಟುಗಳನ್ನು ಬ್ಯಾಂಕಿನಿಂದ ಮೊದಲೇ ತಂದಿಟ್ಟುಕೊಳ್ಳಿ, ಮೊತ್ತ ದೊಡ್ಡದಾಗುವುದು ಬೇಡ, ಎಲ್ಲರಿಗೂ ಒಂದೇ ಇರಲಿ. ನಿಮಗಿಂತ ಹಿರಿಯರ ಮುಂದೆ ನೀವೂ ಹೋಗಿ ತಲೆಬಾಗಬೇಕು, ಇದನ್ನು ತಪ್ಪಿಸಬೇಡಿ. ಮಂತ್ರ ಬಾರದಿದ್ದರೆ ಕನ್ನಡದಲ್ಲಿಯೇ ಹರಸಿ. ಹಳ್ಳಿಯ ಅಂಚಿನಲ್ಲಿ ಬಿದಿರುಗಳನ್ನು ಬಗ್ಗಿಸಿ ಕಟ್ಟಿದ ಎತ್ತರದ ಜೋಕಾಲಿ ಇರುತ್ತದೆ. ಆ ಹಬ್ಬದಲ್ಲಿ ಒಮ್ಮೆಯಾದರೂ ಕಾಲು ನೆಲ ಬಿಡಬೇಕೆಂಬ ನಂಬಿಕೆ ಇಲ್ಲಿಯವರದು.

ತಿಹಾರ್ ಎಂದು ಕರೆಯುವ ದೀಪಾವಳಿಯ ಬಗ್ಗೆ ಒಂದು ಸಲಹೆ. ದೀಪಾವಳಿಯವರೆಗೆ ಎಂದು ಬರೆದಿದ್ದೀರಿ, ಐದನೆಯ ದಿನದ ಭಾಯಿ ಟೀಕಾ ಮುಗಿಯುವವರೆಗೆ ಇರಿ. ಲಕ್ಷ್ಮೀ ಪೂಜೆಯ ರಾತ್ರಿ ಮತ್ತು ಮರುದಿನ ‘ಭೈಲೊ’, ‘ದೇಉಸಿ’ ಎಂದು ಮನೆಯಿಂದ ಮನೆಗೆ ಹಾಡುತ್ತಾ ಹೋಗುವ ತಂಡಗಳಿಗೆ ಅಕ್ಕಿ, ರೊಟ್ಟಿ, ಹಣ ದೊರೆಯುತ್ತದೆ. ಹಲವು ಊರುಗಳಲ್ಲಿ ಆ ಹಣದಿಂದಲೇ ಶಾಲೆಯ ಪೀಠೋಪಕರಣ, ಕಾಲುದಾರಿಯ ದುರಸ್ತಿ ಮುಂತಾದ ಕೆಲಸ ಸಾಗುತ್ತದೆ. ನಿಮ್ಮ ಮಕ್ಕಳ ತಂಡದೊಂದಿಗೆ ನೀವೂ ಬಾಗಿಲು ಬಾಗಿಲಿಗೆ ಹೋಗಿ ಪಲ್ಲವಿಗೆ ದನಿ ಸೇರಿಸಿ. ಆ ದಿನ ಶಾಲೆಗಾಗಿ ಬೇಡುವವರಲ್ಲಿ ನೀವೂ ಒಬ್ಬರು, ಕೊಡುವವರು ಊರಿನವರು. ಭಾಯಿ ಟೀಕಾದಂದು ಅಕ್ಕಂದಿರು ಬಾಗಿಲಲ್ಲಿ ಅಕ್ರೋಟನ್ನು ಒಡೆದು, ಸಹೋದರರ ಹಣೆಗೆ ಏಳು ಬಣ್ಣದ ತಿಲಕವಿಟ್ಟು, ಬೇಗ ಬಾಡದ ಮಖಮಲಿ ಹೂವಿನ ಹಾರ ಹಾಕುತ್ತಾರೆ. ಅಕ್ಕ ತಂಗಿಯರಿಲ್ಲದ ಶಿಕ್ಷಕರು ಯಾರಾದರೂ ಬಂದು ನಿಮ್ಮ ಮುಂದೆ ಕುಳಿತರೆ ಆಶ್ಚರ್ಯಪಡಬೇಡಿ. ಅದು ಒಂದು ದಿನದ ಆಚರಣೆಯಲ್ಲ ಎಂಬುದನ್ನು ಮಾತ್ರ ತಿಳಿದಿರಿ. ಮುಂದಿನ ವರ್ಷಗಳಲ್ಲಿ ಆ ದಿನ ಫೋನು ಬರುತ್ತದೆ, ನೀವು ಎತ್ತಬೇಕಾಗುತ್ತದೆ.

ಭಾಷೆಗೆ ಈಗಿನಿಂದಲೇ ಸಮಯ ಕೊಡಿ. ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು 1962ರಿಂದ ನೇಪಾಳಕ್ಕೆ ಬಂದವರು. ಎರಡು ವರ್ಷಗಳ ಸೇವೆಗೆ ಮುಂಚೆ ಸುಮಾರು ಮೂರು ತಿಂಗಳ ತರಬೇತಿಯನ್ನು ಅವರಿಗೆ ಕೊಡುತ್ತಾರೆ, ಅದರಲ್ಲಿ ಭಾಷೆಯದೇ ದೊಡ್ಡ ಪಾಲು. ನಿಮಗೆ ದೇವನಾಗರಿ ಓದಲು ಬರುವುದಾದರೆ ಅರ್ಧ ದಾರಿ ಈಗಾಗಲೇ ಸವೆದಿದೆ. ಹಿಂದಿಯನ್ನೇ ನೆಚ್ಚಿಕೊಳ್ಳಬೇಡಿ. ವಯಸ್ಸಾದ ಹೆಂಗಸರಿಗೆ ಅದು ಅಷ್ಟಾಗಿ ಬಾರದು, ಲಮ್ಜುಂಗಿನ ಗುರುಂಗ್ ಸಮುದಾಯದ ಮನೆಗಳಲ್ಲಿ ನೇಪಾಳಿಯ ಜೊತೆ ಅವರದೇ ನುಡಿಯೂ ಇರುತ್ತದೆ. ಎಲ್ಲರನ್ನೂ ದೀದಿ (ಅಕ್ಕ), ದಾಜು (ಅಣ್ಣ), ಬಹಿನಿ (ತಂಗಿ), ಭಾಯಿ (ತಮ್ಮ), ಆಮಾ (ಅಮ್ಮ), ಬಾ (ಅಪ್ಪ) ಎಂದೇ ಕರೆಯಿರಿ, ಹೆಸರು ಹಿಡಿದು ಕರೆಯುವುದು ಮಕ್ಕಳನ್ನು ಮಾತ್ರ.

ಇನ್ನೆರಡು ಮಾತು. ಹೊರಡುವ ದಿನಾಂಕವನ್ನು ಮೊದಲ ವಾರದಲ್ಲೇ ತರಗತಿಯಲ್ಲಿ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಮಕ್ಕಳು ಅದಕ್ಕೆ ತಕ್ಕಂತೆ ತಮ್ಮನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಮೇ ತಿಂಗಳ ಮೊದಲ ಭಾಗದಲ್ಲಿಯೇ ಲಮ್ಜುಂಗಿನ ಜಿಲ್ಲಾ ಕೇಂದ್ರವಾದ ಬೇಸಿಸಹರ್ ದಾಟಿ ಹಳ್ಳಿ ಸೇರಿಬಿಡಿ. ಮಳೆ ಹಿಡಿದ ಮೇಲೆ ಗುಡ್ಡ ಕುಸಿದು ದಾರಿ ಕಟ್ಟುವುದು ಸಾಮಾನ್ಯ, ಆಗ ಹೋಗಬೇಕಾಗಿ ಬಂದರೆ ಹಗಲಿನಲ್ಲಿ ಮಾತ್ರ ಪ್ರಯಾಣ ಮಾಡಿ. ಕಠ್ಮಂಡುವಿನ ಮೂಲಕ ಹೋಗುವುದಾದರೆ ಇಲ್ಲಿಯೇ ಬರೆದು ತಿಳಿಸಿ, ನಮ್ಮ ಮನೆಯಲ್ಲಿ ತಂಗಿ ಮುಂದೆ ಹೋಗಬಹುದು.